ಮೈಸೂರು ಕೇಳದಿದ್ದರೆ ಸೆಟ್ಟನ್ನು ದೂರಬೇಡ

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಹವ್ಯಾಸಿ (ಹ್ಯಾಮ್) ರೇಡಿಯೊ ಸೆಟ್ಟಿನಲ್ಲಿ ಮಧ್ಯಾಹ್ನ 14 ಮೆಗಾಹರ್ಟ್ಸ್‌ನಲ್ಲಿ ಬೆಂಗಳೂರಿನಿಂದ ಕರೆದರೆ ದೆಹಲಿ ಓಗೊಡುತ್ತದೆ, ಮೈಸೂರು ಮಾತ್ರ ಕೇಳುವುದಿಲ್ಲ ಎಂದು ಬರೆದಿದ್ದೀ. ಅದಕ್ಕಾಗಿ ಸಿಗ್ನಲ್ ಬಲ ಹೆಚ್ಚಿಸುವ ಆಂಪ್ಲಿಫೈಯರ್ ಕೊಳ್ಳಬೇಡಮ್ಮ, ದುಡ್ಡು ದಂಡ.

ನಮ್ಮ ಅಲೆಗಳನ್ನು ಬಾನಿನಿಂದ ನೆಲಕ್ಕೆ ಮರಳಿಸುವುದು ಅಯಾನುಗೋಳ, ಅಂದರೆ ಬಿಸಿಲಿನಿಂದ ಎಲೆಕ್ಟ್ರಾನುಗಳು ಬಿಡಿಯಾದ ಮೇಲಿನ ಗಾಳಿಯ ಪದರಗಳು. ಅದು ಕನ್ನಡಿಯಲ್ಲ. ಟಾರು ರಸ್ತೆಯ ಮೇಲೆ ಬಿಸಿಲ್ಗುದುರೆ ಕಾಣುವಾಗ ಬೆಳಕು ಪದರ ಪದರವಾಗಿ ಬಾಗುತ್ತದಲ್ಲ, ಅದೇ ಇಲ್ಲಿ ತಲೆಕೆಳಗಾಗಿ ನಡೆಯುತ್ತದೆ. ಮೇಲೇರಿದಂತೆ ಎಲೆಕ್ಟ್ರಾನುಗಳು ದಟ್ಟವಾಗಿ, ವಕ್ರೀಭವನಾಂಕ ಇಳಿದು, ಅಲೆ ನೆಲದತ್ತ ತಿರುಗುತ್ತದೆ. ಘನಮೀಟರಿಗೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನುಗಳಿದ್ದರೆ, ನೆಟ್ಟಗೆ ಮೇಲಕ್ಕೆ ಹೋದ ಅಲೆಗಳಲ್ಲಿ ಸುಮಾರು 9 ಮೆಗಾಹರ್ಟ್ಸ್‌ವರೆಗಿನವು ಮಾತ್ರ ಮರಳುತ್ತವೆ. 300 ಕಿ.ಮೀ. ಎತ್ತರದ, ಎಲೆಕ್ಟ್ರಾನುಗಳು ಅತಿ ದಟ್ಟವಾದ ಎಫ್ ಪದರದಿಂದ ಮೈಸೂರಿಗೆ ಇಳಿಯಬೇಕಾದರೆ ಅಲೆ ನೆಲದಿಂದ 75 ಡಿಗ್ರಿಗಿಂತ ಕಡಿದಾಗಿ ಏರಬೇಕು. ಹಾಗೆ ಏರಿದ 14 ಮೆಗಾಹರ್ಟ್ಸ್ ಅಲೆ ಪದರವನ್ನೇ ತೂರಿ ಹೊರಟುಹೋಗುತ್ತದೆ. ದೆಹಲಿಗೆ 15 ಡಿಗ್ರಿ ಸಾಕು. ಅಷ್ಟು ಓರೆಯಾಗಿ ಬಂದರೆ ಅದೇ ಪದರ ಆ 9ರ ಎರಡೂವರೆ ಪಟ್ಟು ಫ್ರೀಕ್ವೆನ್ಸಿಯನ್ನೂ ಬಾಗಿಸಿ ಇಳಿಸುತ್ತದೆ.

ಮೈಸೂರಿಗೆ ಹಗಲಲ್ಲಿ 7.1 ಮೆಗಾಹರ್ಟ್ಸ್‌ಗೆ ಬಾ. ಡೈಪೋಲ್ ಅಂದರೆ ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾ. ಅದರ ಒಟ್ಟು ಉದ್ದ 143 ಭಾಗಿಸು 7.1, ಅಂದರೆ 20.1 ಮೀಟರ್. ಪ್ರತಿ ತೋಳನ್ನು ಮೊದಲು 10.4 ಮೀಟರ್ ಇಟ್ಟು, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಸೆಟ್ಟಿಗೆ ಶಕ್ತಿ ಎಷ್ಟು ಮರಳುತ್ತಿದೆ ಎಂದು ತೋರುವ ಅಳತೆ) ನೋಡುತ್ತಾ ಎರಡೂ ಕಡೆ ಸಮನಾಗಿ ಐದೈದು ಸೆಂ.ಮೀ. ಕತ್ತರಿಸು. ಎತ್ತರ 6ರಿಂದ 8 ಮೀಟರ್ ಇರಲಿ, ಕರೆಂಟ್ ತಂತಿಗಳಿಂದ ದೂರವಿರಲಿ. ಎರಡೇ ಮೀಟರ್ ಎತ್ತರಕ್ಕೆ ಕಟ್ಟಿದರೆ ಶಕ್ತಿಯ ಬಹುಪಾಲು ಮಣ್ಣಿಗೆ. ದೂರದೂರಿಗಾಗಿ ಕಟ್ಟುವ 14ರ ಆಂಟೆನಾವನ್ನು ಮಾತ್ರ 10 ಮೀಟರಿಗೆ ಏರಿಸು, ಆಗಲೇ ಅಲೆ ತಗ್ಗಿ ಹೊರಡುವುದು.

ಬೆಳಗಿನ ಜಾವ ಎಫ್ ಪದರ ತೆಳುವಾಗಿ 7 ಕೂಡ ಮೈಸೂರನ್ನು ಬಿಟ್ಟು ದಾಟಬಹುದು, ಆಗ 3.5ಕ್ಕೆ ಇಳಿ. ನಡುಹಗಲಿನಲ್ಲಿ 3.5 ನೆಚ್ಚಬೇಡ. 60ರಿಂದ 90 ಕಿ.ಮೀ. ಎತ್ತರದ ಡಿ ಪದರ ಅದನ್ನು 7ರ ಸುಮಾರು ನಾಲ್ಕು ಪಟ್ಟು ಹೀರುತ್ತದೆ. ಹಗಲಲ್ಲಿ ಇಡೀ ಬ್ಯಾಂಡೇ ಒಮ್ಮೆಗೇ ಸದ್ದಡಗಿದರೆ ಸೆಟ್ ಬಿಚ್ಚುವ ಮೊದಲು ಸೌರಜ್ವಾಲೆಯ (ಸೂರ್ಯನ ಮೇಲಿನ ದಿಢೀರ್ ಸ್ಫೋಟದ) ಸುದ್ದಿ ನೋಡು. ಸಾಮಾನ್ಯವಾಗಿ ಗಂಟೆಯೊಳಗೆ ತಾನೇ ಸರಿಹೋಗುತ್ತದೆ.

ಇನ್ನೊಂದು, ಪರದೇಶದ ಕೈಪಿಡಿಗಳಲ್ಲಿ ಅಷ್ಟಾಗಿ ಕಾಣದ್ದು. ಭೂಕಾಂತೀಯ ಸಮಭಾಜಕ (ಕಾಂತದ ಮುಳ್ಳು ಮೇಲೂ ಕೆಳಗೂ ಬಾಗದೆ ಮಟ್ಟಸವಾಗಿ ನಿಲ್ಲುವ ಗೆರೆ) ನಮ್ಮ ತೆಂಕಣಕ್ಕೆ, ಕೇರಳದ ತುಂಬಾ ಎಂಬ ಊರಿನ ಬಳಿಯೇ ಹಾಯುತ್ತದೆ. ಅದರ ಆಸುಪಾಸಿನಲ್ಲಿ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗಿದ ಮೇಲೆ ಎಫ್ ಪದರದಲ್ಲಿ ಎಲೆಕ್ಟ್ರಾನುಗಳು ತೀರ ವಿರಳವಾದ ಗುಳ್ಳೆಗಳೆದ್ದು ಧ್ವನಿ ನಡುಗುತ್ತದೆ, ಜಿಪಿಎಸ್ ಕೂಡ ತಡವರಿಸುತ್ತದೆ. ಅಂಥ ರಾತ್ರಿ ಕೋಆಕ್ಸ್ (ಆಂಟೆನಾ ಕೇಬಲ್) ಕನೆಕ್ಟರ್ ಬೆಸುಗೆ ಬಿಚ್ಚಿ ಹುಡುಕಬೇಡ, ನಡುರಾತ್ರಿ ಕಳೆದ ಮೇಲೆ ಮತ್ತೆ ಕರೆದು ನೋಡು.

ಮುಂದಿನ ಕಾಗದದಲ್ಲಿ ಒಂದು ವಾರದ ಲಾಗ್ ಕಳಿಸು: ಗಂಟೆ, ಫ್ರೀಕ್ವೆನ್ಸಿ, ಊರು, ಸಿಗ್ನಲ್ ಬಲ. ಕೇಳಿಸದ ಊರುಗಳನ್ನೂ ಬರೆ.

ನಿನ್ನ ದೊಡ್ಡಪ್ಪ