ಹಾರ-ಶಾಲು ಸಾಕು, ಒಬ್ಬರ ಶೆಡ್ಡಿಗೆ ಒಬ್ಬರು ಹೋಗಿ ನೋಡಿ

ಮಾನ್ಯ ಸಂಪಾದಕರೇ,

ಹಣಕಾಸು ವರ್ಷ ಮುಗಿಯುವ ಹೊತ್ತಿಗೆ ಬೆಂಗಳೂರಿನ ಹೋಟೆಲ್ ಸಭಾಂಗಣಗಳಲ್ಲಿ ಕಾರ್ಪೊರೇಟ್ ಹೊಣೆಗಾರಿಕೆಯ ಸಮಾವೇಶಗಳು ಸಾಲುಗಟ್ಟುತ್ತವೆ. ಮೈಸೂರು ಪೇಟ, ಶಾಲು, ಫಲಕ, ಒಂದಷ್ಟು ಸ್ಲೈಡು, ಊಟ. ಅಲ್ಲಿ ಕೇಳಿದ ಮಾತು ಮರುದಿನ ಕಾರ್ಖಾನೆಯ ಗೇಟು ದಾಟಿ ಒಳಗೆ ಬರುವುದು ಅಪರೂಪ. ಉದ್ಯಮಿಗಳ ಸಂಘಗಳು ಈ ದುಡ್ಡು, ಓಡಾಟದಲ್ಲಿ ಅರ್ಧವನ್ನಾದರೂ ಸದಸ್ಯರೇ ಪರಸ್ಪರರ ಘಟಕ ಪರಿಶೀಲಿಸುವ ಕೆಲಸಕ್ಕೆ ತಿರುಗಿಸಬೇಕು.

ಮೊದಲು ಒಂದು ಗೊಂದಲ ಬಿಡಿಸಬೇಕು. ಹೊಣೆಗಾರಿಕೆ ಎಂದರೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಖರ್ಚು), ಸಿಎಸ್‌ಆರ್ ಎಂದರೆ ಶೇ 2 ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ – ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ಆದರೆ ಕಂಪನಿಯ ಸಾಮಾನ್ಯ ವ್ಯವಹಾರದ ಕೆಲಸ ಈ ಲೆಕ್ಕಕ್ಕೆ ಸೇರುವುದಿಲ್ಲ. ತನ್ನ ನೌಕರರಿಗಷ್ಟೇ ಅನುಕೂಲವಾಗುವ ಕೆಲಸವೂ ಸೇರುವುದಿಲ್ಲ. ಅಂದರೆ ತನ್ನದೇ ಕೊಳಚೆ ನೀರನ್ನು ಶುದ್ಧಮಾಡುವುದಕ್ಕೂ ಗುತ್ತಿಗೆ ನೌಕರರ ಪಿಎಫ್ ಕಟ್ಟುವುದಕ್ಕೂ ಶೇ 2ಕ್ಕೂ ಸಂಬಂಧವೇ ಇಲ್ಲ. ಪೀಣ್ಯದ ಬಹುಪಾಲು ಸಣ್ಣ ಘಟಕಗಳಂತೂ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. 'ನಮಗೆ ಅನ್ವಯಿಸುವುದಿಲ್ಲ' ಎಂದು ಕೈತೊಳೆದುಕೊಳ್ಳುತ್ತಾರೆ. ಚರಂಡಿಗೆ ಹೋಗುವ ಕ್ರೋಮಿಯಂ ಯಾರ ವಹಿವಾಟು ಎಷ್ಟು ಎಂದು ಕೇಳುವುದಿಲ್ಲ.

ಲೋಹದ ಬಿಡಿಭಾಗಗಳಿಗೆ ಕ್ರೋಮ್‌ನಂಥ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡನ್ನೇ ತೆಗೆದುಕೊಳ್ಳಿ. ಕ್ರೋಮ್ ತೊಟ್ಟಿಯಿಂದ ಎತ್ತಿದ ಬಿಡಿಭಾಗವನ್ನು ತೊಳೆದ ನೀರು ಹಳದಿಯಾಗಿರುತ್ತದೆ. ಅದರಲ್ಲಿರುವುದು ವಿಷಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಂ. ಹೊರಬಿಡುವ ನೀರಿನಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ ಮೀರುವಂತಿಲ್ಲ. ಅದಕ್ಕಾಗಿ ನೀರಿನ ಪಿಎಚ್ಚನ್ನು (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಆಮ್ಲ ಹಾಕಿ 2.5ರ ಆಸುಪಾಸಿಗೆ ಇಳಿಸಬೇಕು, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಬೇಕು. ಹಳದಿ ಹೋಗಿ ಹಸಿರು ಬಣ್ಣ ಬಂದ ಮೇಲೆ ಸುಣ್ಣ ಅಥವಾ ಕಾಸ್ಟಿಕ್‌ನಿಂದ ಪಿಎಚ್ 8ರಿಂದ 9ಕ್ಕೆ ಏರಿಸಿದರೆ ಕ್ರೋಮಿಯಂ ಗಸಿಯಾಗಿ ಕೆಳಗೆ ಕೂರುತ್ತದೆ. ಹೇಳುವುದಕ್ಕೆ ಇಷ್ಟೇ. ಎಡವುವುದು ಎಲ್ಲಿ? ಆಮ್ಲ ಉಳಿಸಲು ಪಿಎಚ್ಚನ್ನು 4ಕ್ಕೇ ನಿಲ್ಲಿಸುತ್ತಾರೆ. ಅಲ್ಲಿ ಕ್ರಿಯೆ ತೀರಾ ನಿಧಾನ, ಪುಡಿ ಸುರಿದದ್ದೇ ಬಂತು. ಪಿಎಚ್ ಮೀಟರಿನ ಎಲೆಕ್ಟ್ರೋಡು ಅಳತೆ ಸರಿಯಿದೆಯೇ ಎಂದು ತಾಳೆ ನೋಡುವ ಬಫರ್ ದ್ರಾವಣವನ್ನೇ ತಿಂಗಳುಗಟ್ಟಲೆ ಕಂಡಿರುವುದಿಲ್ಲ. ಸುಣ್ಣ ಅತಿಯಾಗಿ ಸುರಿದರೆ ಕೂತ ಕ್ರೋಮಿಯಂ ಮತ್ತೆ ಕರಗತೊಡಗುತ್ತದೆ.

ಇವನ್ನೆಲ್ಲ ಹಿಡಿಯಬಲ್ಲವರು ಯಾರು? ಐಎಸ್‌ಒ ಆಡಿಟರ್ ಲಾಗ್‌ಬುಕ್ ಇದೆಯೇ ಎಂದು ನೋಡಿ ಟಿಕ್ ಹಾಕಿ ಹೋಗುತ್ತಾರೆ. ಪಕ್ಕದ ರಸ್ತೆಯಲ್ಲಿ ಪ್ಲೇಟಿಂಗ್ ನಡೆಸುವವರು ಅದೇ ಪುಸ್ತಕ ತೆರೆದರೆ, ಮೂವತ್ತು ದಿನವೂ ಪಿಎಚ್ 7.5, ಒಂದೇ ಪೆನ್ನು, ಒಂದೇ ಅಕ್ಷರ ಕಂಡಾಗಲೇ ನಕ್ಕುಬಿಡುತ್ತಾರೆ. ಆಮೇಲೆ ಸ್ಟೋರಿಗೆ ಹೋಗಿ ಮೂರು ಬಿಲ್ ಕೇಳುತ್ತಾರೆ. ಕ್ರೋಮಿಕ್ ಆಮ್ಲ ಎಷ್ಟು ಬಂತು, ಬೈಸಲ್ಫೈಟ್ ಎಷ್ಟು ಬಂತು, ಸ್ಲಡ್ಜ್ (ಕೆಳಗೆ ಕೂತ ಗಸಿ) ಎಷ್ಟು ಹೊರಗೆ ಹೋಯಿತು. ಒಂದು ಕಿಲೋ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಲೆಕ್ಕದ ಪ್ರಕಾರವೇ ಸುಮಾರು 2.75 ಕಿಲೋ ಮೆಟಾಬೈಸಲ್ಫೈಟ್ ಬೇಕು, ಕೆಲಸದಲ್ಲಿ 3 ಕಿಲೋ ದಾಟುತ್ತದೆ. ಕ್ರೋಮಿಕ್ ಆಮ್ಲದ ಡ್ರಮ್ಮುಗಳು ಖಾಲಿಯಾಗುತ್ತಿದ್ದು ಬೈಸಲ್ಫೈಟ್ ಚೀಲಗಳು ಧೂಳು ಹಿಡಿದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಸ್ಲಡ್ಜನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ತಾಣಕ್ಕೆ ಕಳಿಸಿದ ಮ್ಯಾನಿಫೆಸ್ಟ್ (ಸಾಗಣೆ ಚೀಟಿ) ಇಲ್ಲ ಎಂದರೆ ಅದು ಹೋದದ್ದೆಲ್ಲಿಗೆ?

ಅದೇ ಭೇಟಿಯಲ್ಲಿ ಕಲಿಯುವುದೂ ನಡೆಯುತ್ತದೆ. ಬಿಡಿಭಾಗ ತುಂಬಿದ ಬ್ಯಾರೆಲ್ಲನ್ನು ತೊಟ್ಟಿಯ ಮೇಲೆ ಹತ್ತು-ಹದಿನೈದು ಸೆಕೆಂಡ್ ಹಿಡಿದು ಸೋರಿಸಿದರೆ ಎಷ್ಟೋ ರಾಸಾಯನಿಕ ತೊಟ್ಟಿಗೇ ವಾಪಸು ಬರುತ್ತದೆ. ಪೀಸ್‌ರೇಟಿನ ಅವಸರದಲ್ಲಿ ಹೆಲ್ಪರ್ ಎರಡೇ ಸೆಕೆಂಡಿಗೆ ಎತ್ತಿಬಿಡುತ್ತಾನೆ. ತೊಟ್ಟಿಯ ಮೇಲೆ ಒಂದು ಅಡ್ಡ ಪೈಪು ಹಾಕಿ ಬ್ಯಾರೆಲ್ ನೇತುಹಾಕುವಂತೆ ಮಾಡಿದ ಶೆಡ್ಡಿನಲ್ಲಿ ಈ ತಕರಾರೇ ಇಲ್ಲ. ಈ ಪೈಪನ್ನು ಯಾವ ಸಮಾವೇಶದ ಸ್ಲೈಡಿನಲ್ಲೂ ತೋರಿಸುವುದಿಲ್ಲ, ಕಣ್ಣಾರೆ ನೋಡಿದವರು ಮಾತ್ರ ಮಾರನೇ ದಿನ ವೆಲ್ಡರನ್ನು ಕರೆಸುತ್ತಾರೆ.

ಹಾಗಾದರೆ ಇದನ್ನು ನಡೆಸುವುದು ಹೇಗೆ? ಐದಾರು ಘಟಕಗಳ ಒಂದು ಗುಂಪು ಸಾಕು. ಒಂದೇ ಗಿರಾಕಿಗಾಗಿ ಪೈಪೋಟಿ ನಡೆಸುವವರನ್ನು ಒಂದೇ ಗುಂಪಿಗೆ ಹಾಕಬಾರದು. ಒಂದು ಭೇಟಿಗೆ ಒಂದೇ ವಿಷಯ – ನೀರು, ಇಲ್ಲವೇ ಯಂತ್ರಗಳ ಗಾರ್ಡು (ಕೈ ಸಿಕ್ಕದಂತೆ ತಡೆಯುವ ಕವಚ), ಇಲ್ಲವೇ ಗುತ್ತಿಗೆ ಕೂಲಿ. ಎಲ್ಲವನ್ನೂ ಒಂದೇ ದಿನ ನೋಡಹೊರಟರೆ ಕೊನೆಗೆ ಕಾಫಿ ಕುಡಿದು ಬರುವುದಾಗುತ್ತದೆ. ಎರಡು ವಾರ ಮೊದಲೇ ಕಾಗದ ತರಿಸಿಕೊಳ್ಳಬೇಕು: ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಒಪ್ಪಿಗೆ ಪತ್ರ) ಪ್ರತಿ, ಆರು ತಿಂಗಳ ನೀರು ಮತ್ತು ಕರೆಂಟ್ ಬಿಲ್, ಇಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಲಾಗ್‌ಬುಕ್, ಪಿಎಫ್-ಇಎಸ್‌ಐ ಚಲನ್. ಹೋಗುವ ಇಬ್ಬರಲ್ಲಿ ಒಬ್ಬರು ಶಾಪ್‌ಫ್ಲೋರಿನ ಸೂಪರ್‌ವೈಸರ್ ಆಗಿರಲೇಬೇಕು. ಬರೀ ಮಾಲೀಕರು ಹೋದರೆ ಮಾತು ಆಫೀಸ್ ಕೋಣೆಯಲ್ಲೇ ಮುಗಿಯುತ್ತದೆ. ಎರಡು ದಿನದೊಳಗೆ ಒಂದು ಪುಟದ ವರದಿ, ಕನ್ನಡದಲ್ಲಿ, ಕೆಲಸ ಮಾಡುವವರಿಗೂ ಓದಲು ಸಿಗುವಂತೆ. 90 ದಿನದ ಮೇಲೆ ಅದೇ ಜೋಡಿ ಅದೇ ಜಾಗಕ್ಕೆ ಮರುಭೇಟಿ. ಈ ಮರುಭೇಟಿಯನ್ನೇ ಎಲ್ಲರೂ ಕೈಬಿಡುವುದು. ಅದಿಲ್ಲದಿದ್ದರೆ ಮೊದಲ ಭೇಟಿಯೂ ದಂಡ.

ಎಲ್ಲಕ್ಕಿಂತ ದೊಡ್ಡ ಅಪಾಯ 'ನೀ ನನಗಿದ್ದರೆ ನಾ ನಿನಗೆ'. ನೀವು ನಮ್ಮ ತಪ್ಪು ಬರೆಯಬೇಡಿ, ನಾವು ನಿಮ್ಮದು ಬರೆಯುವುದಿಲ್ಲ. ಇದಕ್ಕೆ ಮದ್ದು, ಇಬ್ಬರು ಪರಸ್ಪರ ನೋಡದಂತೆ ಸುತ್ತು ಹಾಕುವುದು: ಮೊದಲನೆಯವರು ಎರಡನೆಯವರಲ್ಲಿಗೆ, ಎರಡನೆಯವರು ಮೂರನೆಯವರಲ್ಲಿಗೆ, ಕೊನೆಯವರು ಮೊದಲನೆಯವರಲ್ಲಿಗೆ. ಅದೂ ಸಾಲದು. ರಾಸಾಯನಿಕ ಉದ್ಯಮ ಭೋಪಾಲ್ ದುರಂತದ ಮರುವರ್ಷ, 1985ರಲ್ಲಿ, ಕೆನಡಾದಲ್ಲಿ 'ರೆಸ್ಪಾನ್ಸಿಬಲ್ ಕೇರ್' ಎಂಬ ಸ್ವಯಂಶಿಸ್ತಿನ ಕಾರ್ಯಕ್ರಮ ಆರಂಭಿಸಿತು. ಅದು ಅಮೆರಿಕಕ್ಕೂ ಹಬ್ಬಿತು. ಆದರೆ ಅಲ್ಲಿನ ಸದಸ್ಯ ಕಂಪನಿಗಳ ಮಾಲಿನ್ಯ ಸುಧಾರಣೆ ಸದಸ್ಯರಲ್ಲದವರಿಗಿಂತ ನಿಧಾನವಾಗಿತ್ತೆಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಪ್ಪಿದವರಿಗೆ ಏನೂ ಆಗದಿದ್ದರೆ ಸದಸ್ಯತ್ವ ಮರೆಯಾಗಿ ನಿಲ್ಲಲು ಒಂದು ಪರದೆ, ಅಷ್ಟೆ. ಇದಕ್ಕೆ ತದ್ವಿರುದ್ಧ ಅಣು ವಿದ್ಯುತ್ತಿನವರದು. 1979ರ ತ್ರೀ ಮೈಲ್ ಐಲ್ಯಾಂಡ್ ಅವಘಡದ ನಂತರ ಅದೇ ವರ್ಷ ಅಮೆರಿಕದ ಕಂಪನಿಗಳು 'ಇನ್‌ಪೋ' ಎಂಬ ಸಂಸ್ಥೆ ಕಟ್ಟಿ, ಒಂದು ಸ್ಥಾವರವನ್ನು ಬೇರೆ ಸ್ಥಾವರಗಳ ಅನುಭವಿಗಳೇ ಪರಿಶೀಲಿಸುವ ಪದ್ಧತಿ ತಂದವು. ಅಲ್ಲಿ ಸಿಗುವ ದರ್ಜೆ ವಿಮಾ ಕಂತಿನ ಮೇಲೂ ಪರಿಣಾಮ ಬೀರುತ್ತದೆ. 1989ರಲ್ಲಿ ಶುರುವಾದ ಅದರ ಜಾಗತಿಕ ರೂಪ 'ವಾನೊ'; ನಮ್ಮ ಕೈಗಾ ಸ್ಥಾವರ ನಡೆಸುವ ಎನ್‌ಪಿಸಿಐಎಲ್ ಕೂಡ ಅದರ ಸದಸ್ಯ. ಸಂಘಗಳೂ ಏನಾದರೊಂದು ತೂಕ ಇಡಬೇಕು: ಮರುಭೇಟಿಯಲ್ಲೂ ಸರಿಯಾಗದವರಿಗೆ ಪದಾಧಿಕಾರವಿಲ್ಲ, ಪ್ರಶಸ್ತಿಯಂತೂ ಇಲ್ಲವೇ ಇಲ್ಲ.

ದೊಡ್ಡ ಕಂಪನಿಗಳಿಗೂ ಇದರಲ್ಲಿ ಸ್ವಾರ್ಥವಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದ, ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಗಾರಿಕೆಯ ಲೆಕ್ಕ) ವರದಿ ಕೊಡಲೇಬೇಕು. ಅದರ ಬಿಸಿ ಈಗ ಪೂರೈಕೆದಾರರಿಗೂ ತಟ್ಟುತ್ತಿದೆ. ಬೊಮ್ಮಸಂದ್ರದ ಸಣ್ಣ ವರ್ಕ್‌ಶಾಪಿಗೆ ಗಿರಾಕಿಗೊಂದರಂತೆ ಬೇರೆ ಬೇರೆ ಎಕ್ಸೆಲ್ ಹಾಳೆ. ತುಂಬುವವರು ಅಕೌಂಟ್ಸ್ ಹುಡುಗ. ಕರೆಂಟಿನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್, ಡೀಸೆಲ್ಲಿನ ಒಂದು ಲೀಟರಿಗೆ ಸುಮಾರು 2.7 ಕಿಲೋ ಎಂಬ ಸರಳ ಲೆಕ್ಕವೂ ತಪ್ಪುತ್ತದೆ, ಯಾಕೆಂದರೆ ಜನರೇಟರಿನ ಡೀಸೆಲ್ ಪೆಟ್ಟಿಕ್ಯಾಶ್ ಪುಸ್ತಕದಲ್ಲಿ ಅಡಗಿರುತ್ತದೆ. ನೀರಿನದು ಇನ್ನೂ ಮಜಾ. ಟ್ಯಾಂಕರ್ ಚೀಟಿಯಲ್ಲಿ 'ಹತ್ತು ಲೋಡ್' ಎಂದಷ್ಟೇ ಇರುತ್ತದೆ. ನಗರದಲ್ಲಿ ಓಡುವ ಟ್ಯಾಂಕರುಗಳಲ್ಲಿ 6,000 ಲೀಟರಿನದೂ ಇದೆ, 12,000ದ್ದೂ ಇದೆ. ಹತ್ತು ಲೋಡ್ 60 ಸಾವಿರ ಲೀಟರೋ 1.2 ಲಕ್ಷವೋ? ಗುಂಪಿನವರು ಒಂದೇ ನಮೂನೆ ಒಪ್ಪಿಕೊಂಡು, ಒಬ್ಬರ ಅಂಕಿ ಇನ್ನೊಬ್ಬರು ಬಿಲ್ಲಿಗೆ ತಾಳೆ ನೋಡಿ, ಅದನ್ನೇ ಎಲ್ಲ ಗಿರಾಕಿಗಳಿಗೂ ಕಳಿಸಬಹುದು. ಗಿರಾಕಿ ಕಂಪನಿಗಳು ಅದನ್ನು ಒಪ್ಪಬೇಕು, ಅಷ್ಟೆ. ಬೆಲೆ, ಆರ್ಡರು, ಕೊಟೇಶನ್ ಮಾತ್ರ ಈ ಸಭೆಗಳಲ್ಲಿ ಬಾಯಿಗೆ ಬರಬಾರದು. 2002ರ ಸ್ಪರ್ಧಾ ಕಾಯ್ದೆ ಅದನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ.

ಐಟಿ ಪಾರ್ಕುಗಳು ತಮಗೆ ಹೊಗೆಯೂ ಇಲ್ಲ, ಹೊಲಸೂ ಇಲ್ಲ ಎನ್ನಬಹುದು. ಅಲ್ಲಿ ನೋಡಬೇಕಾದ್ದು ಹೌಸ್‌ಕೀಪಿಂಗ್ ಮತ್ತು ಸೆಕ್ಯುರಿಟಿಯವರನ್ನು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂಬುದು 2013ರ ಕಾನೂನು, ಗುತ್ತಿಗೆಯವರಿಗೂ ಅದು ಅನ್ವಯ. ಪಕ್ಕದ ಕಂಪನಿಯಿಂದ ಬಂದ ಮಹಿಳಾ ಪರಿಶೀಲಕರು ಶೌಚಾಲಯ ತೊಳೆಯುವ ಅಕ್ಕನನ್ನು ಒಬ್ಬರನ್ನೇ ಕೂರಿಸಿಕೊಂಡು 'ದೂರು ಕೊಡಬೇಕಾದರೆ ಯಾರ ಹತ್ತಿರ ಹೋಗ್ತೀರಮ್ಮ?' ಎಂದು ಕೇಳಲಿ. 'ನಮ್ಮ ಸೂಪರ್‌ವೈಸರ್ ಹತ್ರ' ಎಂಬ ಉತ್ತರ ಬಂದರೆ ಗೋಡೆಯ ಇಂಗ್ಲಿಷ್ ಪೋಸ್ಟರಿನ ಬೆಲೆ ಗೊತ್ತಾಯಿತು. ದೂರು ಇರುವುದು ಆ ಸೂಪರ್‌ವೈಸರ್ ಮೇಲೆಯೇ ಆಗಿದ್ದರೆ?

ಕಾಣಿಸಿದ್ದನ್ನೆಲ್ಲ ಮಂಡಳಿಗೆ ಹೇಳಿಬಿಟ್ಟರೆ ಎಂಬ ಅಂಜಿಕೆಯಿಂದ ಯಾರೂ ಗೇಟು ತೆರೆಯುವುದಿಲ್ಲ. ಏನು ಕಂಡರೂ ಬಾಯಿ ಬಿಡಬಾರದು ಎಂದರೆ ಗುಂಪೇ ತಪ್ಪಿನಲ್ಲಿ ಪಾಲುದಾರ. ಗೆರೆಯನ್ನು ಮೊದಲ ಸಭೆಯಲ್ಲೇ ಬರೆದು ಸಹಿ ಹಾಕಬೇಕು. ಲಾಗ್‌ಬುಕ್, ಮೀಟರು, ತರಬೇತಿಯ ಕೊರತೆಗಳು ಗುಂಪಿನೊಳಗೇ ಉಳಿಯಲಿ. ಇಟಿಪಿ ತಪ್ಪಿಸಿ ಮಳೆನೀರಿನ ಚರಂಡಿಗೆ ಹಾಕಿದ ಪೈಪು, ಗಾರ್ಡಿಲ್ಲದೆ ಓಡುತ್ತಿರುವ ಪವರ್‌ಪ್ರೆಸ್, ಬೀಗ ಹಾಕಿದ ತುರ್ತು ಬಾಗಿಲು – ಈ ಮೂರು ಕಂಡರೆ ಭೇಟಿ ಅಲ್ಲಿಗೇ ನಿಲ್ಲಬೇಕು, 24 ಗಂಟೆಯೊಳಗೆ ಸರಿಯಾಗಬೇಕು, ಆಗದಿದ್ದರೆ ಗೋಪ್ಯತೆ ರದ್ದು. ಇದಕ್ಕೆ ಸಹಿ ಹಾಕಲು ಒಪ್ಪದವರನ್ನು ಗುಂಪಿಗೆ ಸೇರಿಸಿಕೊಳ್ಳುವುದೇ ಬೇಡ.

– ಕೈಗಾರಿಕಾ ಸುರಕ್ಷತೆ ಹಾಗೂ ಪರಿಸರ ಕ್ಷೇತ್ರದ ಕೆಲವು ಸಮಾಲೋಚಕರು, ಬೆಂಗಳೂರು