ಮೆಕ್ಯಾರಿ ಬಗ್ಗೆ ಬರೆಯುವುದಾದರೆ

ಪ್ರೀತಿಯ ತಮ್ಮನಿಗೆ,

ಹಾಲಿವುಡ್ ನಿರ್ದೇಶಕ ಲಿಯೋ ಮೆಕ್ಯಾರಿ ಕುರಿತ ನಿನ್ನ ಲೇಖನ ಓದಿದೆ. ಪುಟ ತುಂಬ ‘ಅನ್ಯಾಯ’, ‘ಕಡೆಗಣನೆ’. ಮೂರು ಆಸ್ಕರ್ ಗೆದ್ದವನ ಪರವಾಗಿ ಇಷ್ಟು ಗೋಳಾಡಿದರೆ ಯಾರು ನಂಬುತ್ತಾರೆ ಮಾರಾಯ?

ಹಿಚ್‌ಕಾಕ್‌ನ ಶಾಟ್ ನೋಡಿದ ಕೂಡಲೇ ಇದು ಅವನದೇ ಅನ್ನಬಹುದು. ಮೆಕ್ಯಾರಿಯ ಕೈಚಳಕ ನಟರ ತಡವರಿಕೆಯಲ್ಲಿ ಕರಗಿಹೋಗುತ್ತದೆ. ಜನ ಅವನನ್ನು ಮರೆಯಲು ಅದೂ ಒಂದು ಕಾರಣ. ಸೆಟ್‌ನಲ್ಲಿ ಪಿಯಾನೊ ನುಡಿಸುತ್ತ, ದೃಶ್ಯ ಹೊಳೆಯುವ ತನಕ ಎಲ್ಲರನ್ನೂ ಕಾಯಿಸುತ್ತಿದ್ದ ಆಸಾಮಿ. ಹಾಸ್ಯನಟರಾದ ಲಾರೆಲ್ ಮತ್ತು ಹಾರ್ಡಿಯನ್ನು ಜೋಡಿಯಾಗಿಸಿದವರಲ್ಲಿ ಅವನೂ ಒಬ್ಬ.

1937ರ ಅವನ ಚಿತ್ರ ‘ಮೇಕ್ ವೇ ಫಾರ್ ಟುಮಾರೋ’ಗೆ ನೀನು ಕೊಟ್ಟದ್ದು ಒಂದೇ ಸಾಲು. ಅಲ್ಲೇ ನಿಲ್ಲಬೇಕಿತ್ತು. ಮನೆ ಬ್ಯಾಂಕಿನ ಪಾಲಾಗಿ ವೃದ್ಧ ದಂಪತಿ ಬೇರೆಬೇರೆ ಮಕ್ಕಳ ಮನೆ ಸೇರಿದ್ದಾರೆ. ಸೊಸೆ ಮನೆಯಲ್ಲಿ ಬ್ರಿಜ್ ಎಂಬ ಇಸ್ಪೀಟಾಟದ ತರಗತಿ ನಡೆಸುತ್ತಿದ್ದಾಳೆ. ಅತ್ತೆಯ ತೂಗುಕುರ್ಚಿ ಕಿರುಗುಟ್ಟುತ್ತದೆ, ಅತಿಥಿಗಳಿಗೆ ಕಿರಿಕಿರಿ. ನಮಗೂ ಈ ಅಜ್ಜಿ ಎದ್ದುಹೋಗಬಾರದೇ ಅನ್ನಿಸುತ್ತದೆ. ಆಗ ಗಂಡನ ಫೋನ್ ಬರುತ್ತದೆ. ಆಕೆ ಗಟ್ಟಿ ದನಿಯಲ್ಲಿ ಮಾತಾಡುತ್ತಾಳೆ, ಚಳಿಯಲ್ಲಿ ಬೆಚ್ಚಗಿರಲು ಹೇಳುತ್ತಾಳೆ. ಆಚೆಯ ದನಿ ನಮಗೆ ಕೇಳಿಸುವುದಿಲ್ಲ. ಇಸ್ಪೀಟು ಹಿಡಿದವರು ಒಬ್ಬೊಬ್ಬರಾಗಿ ಸುಮ್ಮನಾಗುತ್ತಾರೆ. ಅರೆಗಳಿಗೆ ಹಿಂದೆ ಅವಳ ಮೇಲೆ ರೇಗಿದ್ದವರಲ್ಲಿ ನಾವೂ ಇದ್ದೆವಲ್ಲ, ತಲೆ ತಗ್ಗುತ್ತದೆ. ಆ ಪಾತ್ರ ಮಾಡಿದ ಬ್ಯೂಲಾ ಬಾಂಡಿಗೆ ಆಗ ಐವತ್ತೂ ತುಂಬಿರಲಿಲ್ಲ!

‘ಕಟುಕ ಮಕ್ಕಳು’ ಎಂದು ಬರೆದಿದ್ದೀಯ. ಇನ್ನೊಮ್ಮೆ ನೋಡು. ಸೊಸೆ ಕೆಟ್ಟವಳಲ್ಲ, ಮನೆ ಇಕ್ಕಟ್ಟು, ದುಡ್ಡಿಗೆ ತತ್ವಾರ. ಯಾರನ್ನೂ ಖಳರನ್ನಾಗಿಸದೆ ಮೆಕ್ಯಾರಿ ಆ ದಂಪತಿಯನ್ನು ರೈಲು ನಿಲ್ದಾಣದಲ್ಲಿ ಅಗಲಿಸುತ್ತಾನೆ, ಅದಕ್ಕೇ ಅಷ್ಟು ಸಂಕಟ. ಸುಖಾಂತ್ಯ ಬೇಕೆಂದು ಚಿತ್ರ ತಯಾರಿಸಿದ ಪ್ಯಾರಮೌಂಟ್ ಕಂಪನಿ ಹಟ ಹಿಡಿದರೂ ಅವನು ಜಗ್ಗಲಿಲ್ಲ. ಚಿತ್ರ ಸೋತಿತು, ಕಂಪನಿ ಅವನನ್ನು ಕೈಬಿಟ್ಟಿತು. ಅದೇ ವರ್ಷ ಕೊಲಂಬಿಯಾ ಚಿತ್ರ ಕಂಪನಿಗೆ ಮಾಡಿದ ‘ದಿ ಆಫುಲ್ ಟ್ರುತ್’ ಹಾಸ್ಯಚಿತ್ರಕ್ಕೆ ಆಸ್ಕರ್ ಬಂದಾಗ, ತಪ್ಪು ಚಿತ್ರಕ್ಕೆ ಕೊಟ್ಟಿರಿ ಎಂದು ವೇದಿಕೆಯಲ್ಲೇ ಹೇಳಿದ.

ಜಪಾನಿನ ನಿರ್ದೇಶಕ ಓಝು ಅವರ ‘ಟೋಕಿಯೊ ಸ್ಟೋರಿ’ಗೆ ‘ಮೇಕ್ ವೇ’ ಪ್ರೇರಣೆ ಎಂಬುದನ್ನು ಉಳಿಸಿಕೊ, ಆದರೆ ಮುಂದಕ್ಕೆ ತರಬೇಡ, ದೊಡ್ಡವರ ಶಿಫಾರಸು ಹಿಡಿದು ಬಾಗಿಲು ತಟ್ಟಿದಂತಾಗುತ್ತದೆ. ಮೊದಲ ಪುಟ ಹರಿದುಹಾಕಿ, ಆ ಫೋನ್ ಕರೆಯಿಂದಲೇ ಶುರು ಮಾಡಿ ಮತ್ತೆ ಕಳಿಸು.

ನಿನ್ನ
ಅಣ್ಣ