ಅಳಿಸುವ ಹಾಡು ಬೇಡವೆಂದು ನಾನು ಹೇಳುವುದಿಲ್ಲ

ಪ್ರೀತಿಯ ಪುಟ್ಟಿ,

ಮನಸ್ಸು ಕುಗ್ಗಿದಾಗಲೆಲ್ಲ ಅಳಿಸುವ ಹಾಡುಗಳನ್ನೇ ಹುಡುಕಿಕೊಂಡು ಹೋಗುತ್ತೇನೆ, ಇದು ಸರಿಯೇನಮ್ಮಾ ಎಂದು ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತು ಆಡಿ ಮುಗಿಸಲು ಮನಸ್ಸು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸರಿಯೇ ಕಂದಾ. ಕುಣಿಸುವ ಹಾಡು ಹಾಕಿಕೋ, ಎಲ್ಲ ಸರಿಹೋಗುತ್ತದೆ ಎನ್ನುವ ನಿನ್ನ ಗೆಳತಿಯರ ಕಾಳಜಿ ದೊಡ್ಡದು, ಆದರೆ ಆ ಸಲಹೆ ನನಗೆ ಒಪ್ಪಿಗೆಯಿಲ್ಲ. ನೊಂದವಳ ಕಿವಿಗೆ ಸಂಭ್ರಮದ ಹಾಡು ಎಷ್ಟೋ ಸಲ ಕರ್ಕಶವಾಗಿ ಕೇಳುತ್ತದೆ. ನಿನ್ನ ನೋವು ಯಾರಿಗೂ ಬೇಕಿಲ್ಲ ಎಂದಂತಾಗುತ್ತದೆ. ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ 1940ರ ದಶಕದಲ್ಲೇ ಇದನ್ನು ಗಮನಿಸಿದ್ದರು. ರೋಗಿಯ ಮನಸ್ಸು ಆಗ ಯಾವ ಸ್ಥಿತಿಯಲ್ಲಿದೆಯೋ ಅದಕ್ಕೆ ಹೊಂದುವ ಸಂಗೀತದಿಂದಲೇ ಶುರುಮಾಡಿ, ಆಮೇಲೆ ನಿಧಾನವಾಗಿ ಬೇರೆ ಭಾವದ ಕಡೆಗೆ ಸಾಗಬೇಕು ಎನ್ನುವುದು ಅವರ ಕ್ರಮ. ಸಂಗೀತ ಚಿಕಿತ್ಸಕರು ಇಂದಿಗೂ ಅದನ್ನು ಅನುಸರಿಸುತ್ತಾರೆ. ಯಾರೂ ಹೇಳಿಕೊಡದೆ ನೀನು ಮಾಡುತ್ತಿರುವುದೂ ಅದರ ಮೊದಲರ್ಧವನ್ನೇ.

ಅಷ್ಟಕ್ಕೂ ವಿಷಾದದ ಹಾಡು ಕೊಡುವುದು ಬರೀ ವಿಷಾದವನ್ನಲ್ಲ. 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 772 ಜನರನ್ನು ಇದೇ ವಿಷಯ ಕೇಳಿದ್ದರು. ಅಂಥ ಸಂಗೀತ ಕೇಳುವಾಗ ತಮ್ಮಲ್ಲಿ ಹುಟ್ಟುತ್ತದೆ ಎಂದು ಅವರು ಅತಿ ಹೆಚ್ಚಾಗಿ ಹೇಳಿದ ಭಾವ ದುಃಖವಲ್ಲ, ಕಳೆದ ದಿನಗಳ ಹಂಬಲ. ನೆಮ್ಮದಿ, ಮಾರ್ದವತೆಗಳ ಹೆಸರನ್ನೂ ಹೇಳಿದ್ದರು. ನನಗೆ ಇದರಲ್ಲಿ ಆಶ್ಚರ್ಯವೇ ಆಗಲಿಲ್ಲ. ನಾನು ಎಷ್ಟೋ ವರ್ಷಗಳಿಂದ ಕೇಳುತ್ತಿರುವ ಹಾಡೊಂದರಲ್ಲಿ, ಎರಡನೆಯ ಚರಣಕ್ಕೆ ಮುಂಚೆ ವಾದ್ಯಗಳೆಲ್ಲ ನಿಂತು ಕೊಳಲೊಂದೇ ಉಳಿಯುತ್ತದೆ. ಅದು ಬರುತ್ತದೆಂದು ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಪಲ್ಲವಿ ಮುಗಿಯುವ ಹೊತ್ತಿಗೆ ಮೈ ಜುಮ್ಮೆನ್ನುತ್ತದೆ, ಕಣ್ಣು ತುಂಬುತ್ತದೆ, ಆದರೂ ಒಳಗೆ ಎಂಥದೋ ಸುಖ. ಇದು ಕಲ್ಪನೆಯಲ್ಲ, ದೇಹದಲ್ಲಿ ನಡೆಯುವ ಸಂಗತಿ. ಮಾಂಟ್ರಿಯಲ್‌ನ ಸಂಶೋಧಕರು ಇಂಥ ರೋಮಾಂಚನ ತರುವ ಮೆಚ್ಚಿನ ಸಂಗೀತವನ್ನು ಜನರಿಂದಲೇ ಆರಿಸಿ ತರಿಸಿ, ಕೇಳಿಸಿ, ಮೆದುಳನ್ನು ಪರೀಕ್ಷಿಸಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಆ ಗಳಿಗೆ ಬಂದಾಗ ಮೆದುಳಿನ ಒಂದು ಭಾಗದಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಒಸರುತ್ತದೆ, ಬರುವ ಮೊದಲೇ, ಬರೀ ನಿರೀಕ್ಷೆಯಲ್ಲೇ, ಇನ್ನೊಂದು ಭಾಗದಲ್ಲಿ. ಕಾಯುವುದರಲ್ಲೇ ಒಂದು ಪಾಲು ಸುಖವಿದೆ, ನೋಡು. ಹಳೆಯ ಹಾಡನ್ನು ಮತ್ತೆ ಮತ್ತೆ ಕೇಳಬೇಕೆನ್ನಿಸುವುದು ಸುಮ್ಮನೆ ಅಲ್ಲ.

(ನೀನು ಮೆಚ್ಚಿದ ಹಾಡಿಗೆ ಕರಗದವರನ್ನು ಕಲ್ಲುಮನಸ್ಸಿನವರು ಎನ್ನಬೇಡ. ಕಿವಿ ಚುರುಕಾಗಿದ್ದು, ಬೇರೆಲ್ಲ ಸುಖಗಳನ್ನು ಅನುಭವಿಸುತ್ತಿದ್ದೂ ಸಂಗೀತ ಮಾತ್ರ ತಟ್ಟದ ಕೆಲವರು ನಿಜವಾಗಿಯೂ ಇದ್ದಾರೆ.)

ಆದರೆ ಒಂದು ಕಡೆ ನನಗೆ ಅಂಜಿಕೆಯಿದೆ, ಮುಚ್ಚಿಡುವುದಿಲ್ಲ. ಒಂದೇ ನೋವನ್ನು ಒಳಗೊಳಗೇ ಮೆಲುಕು ಹಾಕುವ ಸ್ವಭಾವದವರನ್ನು ವಿಷಾದದ ಹಾಡು ಇನ್ನಷ್ಟು ಕುಗ್ಗಿಸಬಹುದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಆ ಸ್ವಭಾವ ನಿನ್ನಲ್ಲಿ ಸ್ವಲ್ಪ ಇದೆ, ಚಿಕ್ಕವಳಿದ್ದಾಗಿನಿಂದಲೂ ಇದೆ. ಆದ್ದರಿಂದ ಕೇಳುವಾಗ ಎಷ್ಟು ಅತ್ತೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಹಾಡು ಮುಗಿದ ಮೇಲೆ ಹೇಗಿದ್ದೀಯ ಎಂಬುದನ್ನು ನೋಡಿಕೋ. ಎದೆ ಹಗುರಾಯಿತೇ, ಎದ್ದು ಮುಖ ತೊಳೆಯಬೇಕೆನ್ನಿಸಿತೇ? ಹಾಗಾದರೆ ಆ ಹಾಡು ನಿನ್ನ ಜೊತೆಗಿದೆ. ಅವನು ಅಂದ ಮಾತು, ಅವಳು ತಿರುಗಿಸಿಕೊಂಡ ಮುಖ ಮತ್ತೆ ಕಣ್ಣೆದುರು ಬಂದು, ಬೆರಳು ತಾನಾಗಿ ಅದೇ ಹಾಡನ್ನು ಮೊದಲಿನಿಂದ ಹಚ್ಚುತ್ತಿದ್ದರೆ, ಅಲ್ಲಿಗೆ ನಿಲ್ಲಿಸು. ಕೂಡಲೇ ಕುಣಿತದ ಹಾಡಿಗೆ ಹಾರಬೇಕಾಗಿಲ್ಲ. ಅದಕ್ಕಿಂತ ತುಸು ತಿಳಿಯಾದದ್ದು, ಸಾಹಿತ್ಯವಿಲ್ಲದ ಬರೀ ವಾದ್ಯದ್ದಾದರೂ ಆದೀತು, ಒಂದನ್ನು ಹಾಕಿಕೋ. ಆಮೇಲೆ ಇನ್ನೊಂದು.

ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನಲ್ಲಿ ಕೇಳಿದ ಹಾಡುಗಳೇ ಮುಂದೆ ಹೆಚ್ಚು ಗಾಢವಾಗಿ ನೆನಪಿನಲ್ಲಿ ಉಳಿಯುತ್ತವೆ. ನೀನೀಗ ಅದೇ ವಯಸ್ಸಿನಲ್ಲಿದ್ದೀಯ. ಖುಷಿಯಾಗಿರುವಾಗಲೂ ಹಾಡು ಕೇಳು, ಗೆಳತಿಯರ ಜೊತೆ ಕೂತು ಕೇಳು. ಎಲ್ಲ ಹಾಡುಗಳಿಗೂ ಅಳುವಿನ ನೆನಪೇ ಅಂಟಿಕೊಳ್ಳುವುದು ಬೇಡ.

ನಿನ್ನ ಹಾಡುಗಳ ಪಟ್ಟಿಯನ್ನು ನನಗೆ ಕಳುಹಿಸು. ಯಾವ ಹಾಡಿನಲ್ಲಿ ಯಾವ ಗಳಿಗೆಗಾಗಿ ಕಾಯುತ್ತೀಯ ಎಂದೂ ಬರೆ, ಅಲ್ಲಿ ನಾನೂ ಕಾಯುತ್ತೇನೆ. ಹಾಡು ನಿಂತ ಮೇಲೂ ಅಳು ನಿಲ್ಲದಿದ್ದರೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ನಿನ್ನ
ಅಮ್ಮ